ಕಡಲ ಗಾಳಿಯೂ ಆದ್ರೆ ಸಾರ್ ಅವರೂ

ಯಾರನ್ನಾದರೂ ಹೊಗಳುವ ಮಾತು ಕಿವಿಗೆ ಬಿದ್ದೊಡನೆ ಅವರ ಎಡಹುಬ್ಬು ತಾನಾಗಿಯೇ ಮೇಲೇರುತ್ತಿತ್ತು. ಹೊಗಳಿಕೆ ಮುಗಿಯುವವರೆಗೂ ಅಲ್ಲಿಯೇ ನಿಂತಿದ್ದು, ಹೊಗಳುತ್ತಿದ್ದವರು ಉಸಿರೆಳೆದುಕೊಳ್ಳುವ ಸಂದು ಸಿಕ್ಕಿದಾಕ್ಷಣ ‘ಆದ್ರೆ’ ಎಂಬ ಎರಡಕ್ಷರದ ಜತೆಗೆ ಕೆಳಗಿಳಿಯುತ್ತಿತ್ತು. ಹೊಸ ನಿರ್ದೇಶಕರು ತುಂಬ ಸಜ್ಜನರಂತೆ ಎಂದು ಯಾರಾದರೂ ಅಂದರೆ, “ಸಜ್ಜನರೇ. ಆದ್ರೆ ಸಹಿ ಹಾಕೋಕೆ ಕೈ ನಡುಗುತ್ತೆ” ಎನ್ನುವರು. ಪಕ್ಕದ ಮನೆಯ ಹುಡುಗಿ ಹಾಡಿ ಬಹುಮಾನ ತಂದಳಂತೆ ಎಂದರೆ, “ಒಳ್ಳೇ ಕಂಠ. ಆದ್ರೆ ಮೇಲಿನ ಸ್ವರಕ್ಕೆ ಹೋದಾಗ ಉಸಿರು ಸಾಲಲ್ಲ” ಎನ್ನುವರು. ಸೋಜಿಗವೆಂದರೆ ಆ ಎರಡಕ್ಷರದ ಮುಂದೆ ಬರುತ್ತಿದ್ದ ಮಾತು ಎಂದೂ ಸುಳ್ಳಾಗಿರುತ್ತಿರಲಿಲ್ಲ. ನಿರ್ದೇಶಕರ ಕೈ ನಡುಗುತ್ತಿದ್ದದ್ದೂ ನಿಜ, ಹುಡುಗಿಗೆ ಉಸಿರು ಸಾಲದಿದ್ದದ್ದೂ ನಿಜ. ಕಚೇರಿಯಲ್ಲಿ ಅವರಿಗೆ ಎದುರಿಗೆ ಸಾರ್ ಎಂದೂ ಬೆನ್ನ ಹಿಂದೆ ಆದ್ರೆ ಸಾರ್ ಎಂದೂ ಹೆಸರಾಯಿತು. ಬರಬರುತ್ತ ಮೊದಲನೆಯದು ಸವೆದುಹೋಗಿ ಎರಡನೆಯದೇ ಉಳಿಯಿತು.

ಅವರು ಅರ್ಥಶಾಸ್ತ್ರಜ್ಞರು, ಅದರಲ್ಲಿಯೂ ವಿದ್ಯುತ್ತಿನ ಅರ್ಥಶಾಸ್ತ್ರಜ್ಞರು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ ಎಂಬಲ್ಲಿಗೆ ನಮ್ಮ ನಿಮ್ಮಂಥವರ ತಿಳಿವಳಿಕೆ ಮುಗಿಯುತ್ತದೆ. ಅವರದು ಅಲ್ಲಿಂದ ಆರಂಭವಾಗುತ್ತಿತ್ತು. ಆ ದೀಪ ಕುಡಿದ ಒಂದು ಯೂನಿಟ್ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದಿದ್ದರೆ ಎಷ್ಟು ಬಿತ್ತು, ನೀರಿನಿಂದಾದರೆ ಎಷ್ಟು, ಬಿಸಿಲಿನಿಂದ, ಗಾಳಿಯಿಂದಾದರೆ ಎಷ್ಟು ಎಂದು, ಸ್ಥಾವರಕ್ಕೆ ಗುದ್ದಲಿ ಹಾಕಿದ ದಿನದಿಂದ ಅದನ್ನು ಕೆಡವಿ ಗುಜರಿಗೆ ಹಾಕುವ ದಿನದವರೆಗಿನ ಖರ್ಚನ್ನೆಲ್ಲ ಇಂದಿನ ಒಂದೇ ಅಂಕಿಗೆ ಇಳಿಸಿ ಹೇಳುವುದು ಅವರ ಕಸುಬು. ಆ ಕಸುಬಿನಲ್ಲಿ ಅವರನ್ನು ಮೀರಿಸುವವರಿಲ್ಲವೆಂದು ಅವರನ್ನು ಕಂಡರಾಗದವರೂ ಒಪ್ಪುತ್ತಿದ್ದರು. ಅವರ ಲೆಕ್ಕ ತಪ್ಪಿದ್ದನ್ನು ಕಂಡವರಿಲ್ಲ ಎಂಬ ಮಾತು ಇಡೀ ಕಚೇರಿಯಲ್ಲಿ ಚಲಾವಣೆಯಲ್ಲಿತ್ತು, ಮತ್ತು ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವರು ಅವರೇ.

ನಡಿಗೆಯೊಂದು ವಿಚಿತ್ರ. ಬಲಭುಜ ಮುಂದೆ, ತಲೆ ತುಸು ಕೆಳಗೆ, ಎದುರುಗಾಳಿಗೆ ಮೈಯೊಡ್ಡಿ ಹೊರಟವರಂತೆ, ಕಚೇರಿಯ ಮುಚ್ಚಿದ ಕಾರಿಡಾರಿನಲ್ಲಿಯೂ ಹಾಗೆಯೇ ನಡೆಯುತ್ತಿದ್ದರು. ಹಾಗೆ ನೋಡಿದರೆ ಗಾಳಿಗೂ ಅವರಿಗೂ ಮೊದಲಿನಿಂದಲೇ ಎಣ್ಣೆ ಸೀಗೆಕಾಯಿ. ಕಾಗದ ಹಾರುತ್ತದೆಂದು ಕೋಣೆಯ ಕಿಟಕಿ ತೆರೆಯಗೊಡುತ್ತಿರಲಿಲ್ಲ. ಬೇಸಿಗೆಯಲ್ಲಿ ಯಾರಾದರೂ ಫ್ಯಾನಿನ ಕಡೆ ಕೈ ಚಾಚಿದರೆ ಮುಖ ಗಂಟಿಕ್ಕುತ್ತಿದ್ದರು. ಮೇಜಿನ ಮೇಲೆ ಕಾಗದಕ್ಕೊಂದರಂತೆ ನುಣುಪಾದ ಕಲ್ಲುಗಳನ್ನು ಹೇರಿಟ್ಟು ಅವುಗಳ ನಡುವಿನ ಕಿರುಜಾಗದಲ್ಲಿ ಬರೆಯುತ್ತಿದ್ದರು. ಇನ್ನು ಆ ಕೋಟು. ಕಂದು ಬಣ್ಣದ್ದು, ಮೊಣಕೈಯಲ್ಲಿ ಹೊಳಪೇರಿದ್ದು, ಒಳಜೇಬು ಹರಿದು ಎಷ್ಟೋ ವರ್ಷಗಳಾದದ್ದು. ಆ ಜೇಬಿಗೆ ಹಾಕಿದ ಪೆನ್ನು ಅಸ್ತರಿನೊಳಗಿಂದ ಜಾರಿ ಕೋಟಿನ ಕೆಳಅಂಚಿಗೆ ಇಳಿದುಬಿಡುತ್ತಿತ್ತು. ಆಮೇಲೆ ಅಂಚನ್ನು ಬೆರಳಿನಿಂದ ಹಿಂಡಿ ಹಿಂಡಿ ಪೆನ್ನನ್ನು ಮೇಲಕ್ಕೆ ಹತ್ತಿಸುತ್ತ ಗಂಭೀರವಾದ ವಿಷಯಗಳನ್ನು ಮಾತಾಡುವರು. ಹೊಲಿದುಕೊಡು ಎಂದು ಹೆಂಡತಿಯನ್ನು ಎಂದೂ ಕೇಳಲಿಲ್ಲ, ಕೇಳದೆ ಹೊಲಿದುಕೊಡಲಿ ಎಂದು ಕಾದರು. ಆಕೆ, ಕೇಳಿದರೆ ಹೊಲಿದುಕೊಡೋಣವೆಂದು ಕಾದಳು.

ಹೊಟ್ಟೆಕಿಚ್ಚು ಎಂಬ ಮಾತನ್ನು ಸುತ್ತಿ ಬಳಸಿ ಹೇಳುವುದೇಕೆ? ಆ ಮನುಷ್ಯನಿಗೆ ಹೊಟ್ಟೆಕಿಚ್ಚಿತ್ತು, ಧಾರಾಳವಾಗಿಯೇ ಇತ್ತು. ಅವರಿಂದ ಬೇಗ ಕೆಲಸ ತೆಗೆಯಬೇಕಾದರೆ ನಿರ್ದೇಶಕರು ಬೈಯುತ್ತಿರಲಿಲ್ಲ, ಬೇಡಿಕೊಳ್ಳುತ್ತಲೂ ಇರಲಿಲ್ಲ. ಅವರಿರುವಾಗ ಇನ್ನೊಬ್ಬರ ವರದಿಯನ್ನು ಕೈಯಲ್ಲಿ ಹಿಡಿದು “ಎಷ್ಟು ಚೆನ್ನಾಗಿ ಬರೆದಿದಾರೆ” ಎನ್ನುತ್ತಿದ್ದರು, ಅಷ್ಟೆ. ಮರುದಿನದ ಹೊತ್ತಿಗೆ ಆದ್ರೆ ಸಾರ್ ಅವರ ವರದಿ ಮೇಜಿನ ಮೇಲಿರುತ್ತಿತ್ತು. ಇವೆಲ್ಲ ಊಟದ ಹೊತ್ತಿಗೆ ಆರಿಹೋಗುವ ಸಣ್ಣಪುಟ್ಟ ಕಿಚ್ಚುಗಳು. ಆರದೆ ಉಳಿದದ್ದು ಒಂದೇ. ಅದು ಭಾವಮೈದುನನ ಮೇಲಿನದು.

ಭಾವಮೈದುನನೆಂದರೆ ಹೆಂಡತಿಯ ಒಬ್ಬನೇ ತಮ್ಮ. ಎಂಜಿನಿಯರಿಂಗ್ ಓದುವ ಕಾಲದಲ್ಲಿ ಅಕ್ಕನ ಮನೆಯಲ್ಲಿಯೇ ಉಳಿದಿದ್ದವನು. ಯಂತ್ರವೆಂದರೆ ಅವನಿಗೆ ನೀರು ಕುಡಿದಷ್ಟು ಸಲೀಸು, ಲೆಕ್ಕವೆಂದರೆ ಕೈಕಾಲು ಬಿಡುತ್ತಿದ್ದ. ಊಟವಾದ ಮೇಲೆ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಅದೇ ಮೇಜಿನ ಮೇಲೆ, ಇಂದಿನ ಹಣವೆಂದರೇನು, ಮುಂದಿನ ಹಣವೆಂದರೇನು, ಮುಂದಿನದನ್ನು ಬಡ್ಡಿಯಿಂದ ತಗ್ಗಿಸಿ ಇಂದಿನದಕ್ಕೆ ಹೇಗೆ ತರಬೇಕು ಎಂದು ಅವನಿಗೆ ಕಲಿಸಿದವರು ಭಾವನೇ. ಈ ವಿದ್ಯೆಯಲ್ಲಿ ಕಲಿತವರೂ ಕಾಲು ಜಾರುವ ಗುಂಡಿಯೊಂದಿದೆ. ಬ್ಯಾಂಕು ಹೇಳುವ ಬಡ್ಡಿಯಲ್ಲಿ ಬೆಲೆ ಏರಿಕೆ ಆಗಲೇ ಸೇರಿರುತ್ತದೆ. ಮುಂದಿನ ವರ್ಷಗಳ ಆದಾಯವನ್ನು ಇಂದಿನ ಬೆಲೆಯಲ್ಲಿಯೇ ಹಿಡಿದವನು ಆ ಬಡ್ಡಿಯನ್ನು ಹಾಗೆಯೇ ಹಾಕಿದರೆ ಬೆಲೆ ಏರಿಕೆಯನ್ನು ಎರಡು ಸಲ ಕಳೆದಂತಾಗುತ್ತದೆ, ಬಂಡವಾಳವನ್ನೆಲ್ಲ ಮೊದಲೇ ಸುರಿಯಬೇಕಾದ ಯಾವುದೇ ಯೋಜನೆ ಇದ್ದದ್ದಕ್ಕಿಂತ ದುಬಾರಿಯಾಗಿ ಕಾಣುತ್ತದೆ. ಇದನ್ನು ಅವನ ತಲೆಗೆ ಇಳಿಸಲು ಅವರು ಚಹಾದ ಪಾತ್ರೆಯನ್ನೇ ಮುಂದಿಟ್ಟುಕೊಂಡಿದ್ದರು.

“ನೋಡಪ್ಪಾ, ಬೆಲೆ ಏರಿಕೆ ಅನ್ನೋದು ಸಕ್ಕರೆ ಇದ್ದ ಹಾಗೆ. ಪಾತ್ರೆಗೇ ಹಾಕಿದ್ರೆ ಲೋಟಕ್ಕೆ ಹಾಕಬೇಡ. ಲೋಟಕ್ಕೆ ಹಾಕ್ತೀಯಾ, ಪಾತ್ರೆಗೆ ಹಾಕಬೇಡ. ಎರಡೂ ಕಡೆ ಹಾಕಿದೋನು ಚಹಾನೂ ಕೆಡಿಸ್ದ, ಲೆಕ್ಕಾನೂ ಕೆಡಿಸ್ದ.”

ಅವನು ಕಲಿತ. ಕಲಿತದ್ದಷ್ಟೇ ಅಲ್ಲ, ಕೆಲಸದ ಸಂದರ್ಶನಕ್ಕೆ ಭಾವನ ಆ ಕಂದು ಕೋಟನ್ನೇ ಹಾಕಿಕೊಂಡು ಹೋಗಿ ಕೆಲಸ ಗಿಟ್ಟಿಸಿಕೊಂಡು ಬಂದ. “ಕೆಲಸ ಸಿಕ್ಕಿದ್ದು ಅವನಿಗಲ್ಲ, ನನ್ನ ಕೋಟಿಗೆ” ಎಂದು ಆದ್ರೆ ಸಾರ್ ಎಲ್ಲರೆದುರು ಹೇಳಿಕೊಂಡು ನಕ್ಕರು. ಕೆಲಸ ಕೊಟ್ಟದ್ದು ಕಡಲಿನಲ್ಲಿ ಗಾಳಿಯಂತ್ರ ನೆಡುವ ಕಂಪನಿ. ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ಹುಡುಗ ಹಾಗೆಯೇ ತೂರಿಕೊಂಡ. ಮೊದಲು ಹಡಗಿನಲ್ಲಿ ಹೋಗಿ ಬರುವ ಕಿರಿಯ ಎಂಜಿನಿಯರ್, ಆಮೇಲೆ ಯೋಜನೆಯ ಮುಖ್ಯಸ್ಥ, ಆಮೇಲೆ ಸಭೆ ಸಮಾರಂಭಗಳಲ್ಲಿ ಕಡಲ ಗಾಳಿಯ ಪರವಾಗಿ ಮಾತಾಡಲು ಎಲ್ಲರೂ ಕರೆಯುವ ಮನುಷ್ಯ. ಹಳದಿ ಹೆಲ್ಮೆಟ್ಟು ತೊಟ್ಟು ಅಲೆಗಳ ನಡುವೆ ನಿಂತ ಅವನ ಭಾವಚಿತ್ರ ಪತ್ರಿಕೆಯಲ್ಲಿ ಬಂದ ದಿನ ಆದ್ರೆ ಸಾರ್ ಕೋಟಿನ ಮಾತನ್ನು ಮತ್ತೆ ಹೇಳಿದರು. ಈ ಸಲ ಯಾರೂ ನಗಲಿಲ್ಲ.

ಪತ್ರಿಕೆಯ ಚಿತ್ರವೊಂದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ. ಅವರ ಕರುಳು ಸುಟ್ಟದ್ದು ಬೇರೆಯದರಿಂದ. ತಮ್ಮನ ಹೆಸರೆತ್ತಿದರೆ ಸಾಕು, ಹೆಂಡತಿಯ ಮುಖದಲ್ಲೊಂದು ಬೆಳಕು ಏಳುತ್ತಿತ್ತು; ಸೊಪ್ಪು ಬಿಡಿಸುತ್ತಿದ್ದ ಕೈ ನಿಂತು, ಕಣ್ಣು ಕಿಟಕಿಯಾಚೆಗೆ ಹೋಗಿ, ತುಟಿಯಂಚು ತಾನಾಗಿಯೇ ಸಡಿಲವಾಗುತ್ತಿತ್ತು. ಆ ಬೆಳಕನ್ನು ಆದ್ರೆ ಸಾರ್ ಬಲ್ಲರು. ಮದುವೆಯಾದ ಹೊಸತರಲ್ಲಿ ಅವರ ಮೊದಲ ಪ್ರಬಂಧ ಅಚ್ಚಾದಾಗ ಒಂದು ಸಲ ಅದು ಅವರ ಕಡೆಗೂ ತಿರುಗಿತ್ತು. ಆಮೇಲೆ ಸಂಸಾರ, ಆಮೇಲೆ ಅಭ್ಯಾಸ. ಹೆಂಡತಿ ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು, ಕಾಯಿಲೆ ಬಿದ್ದಾಗ ತಲೆದಿಂಬಿನ ಪಕ್ಕದಿಂದ ಕದಲಲಿಲ್ಲ, ಆದರೆ ಆ ಬೆಳಕು ಮಾತ್ರ ತಮ್ಮನ ಪಾಲಾಯಿತು. ಹೆಸರು, ಬಿರುದು, ಸನ್ಮಾನ ಯಾವುದೂ ಅವರಿಗೆ ಬೇಕಿರಲಿಲ್ಲ. ಆ ಮುಖ ಒಮ್ಮೆ ತನ್ನ ಸಲುವಾಗಿ ಹಾಗಾಗಬೇಕಿತ್ತು, ಅಷ್ಟೆ. ಇದನ್ನು ಬಾಯಿಬಿಟ್ಟು ಹೇಳುವ ಬದಲು ಅವರು ಕಡಲ ಗಾಳಿಯ ವಿರುದ್ಧ ಲೇಖನ ಬರೆದರು.

ಆ ವಾದವನ್ನು ಇಲ್ಲಿ ತುಸು ಹೇಳಲೇಬೇಕು. ನೆಲದ ಗಾಳಿಗಿಂತ ಕಡಲ ಗಾಳಿ ಬಲವಾದದ್ದು, ನಂಬಿಕೆಗೂ ಹೆಚ್ಚು ಅರ್ಹವಾದದ್ದು. ಯಾರ ಜಮೀನನ್ನೂ ಕೇಳುವುದಿಲ್ಲ. ಆದರೆ ಕಂಬವನ್ನು ಕಡಲ ತಳಕ್ಕೆ ಬಡಿಯಬೇಕು, ಅದಕ್ಕೆ ವಿಶೇಷವಾದ ಹಡಗು ಬೇಕು, ನೀರಿನಡಿಯಲ್ಲಿ ದಡದವರೆಗೆ ಕೇಬಲ್ ಎಳೆಯಬೇಕು, ಉಪ್ಪುನೀರು ತಿಂದದ್ದನ್ನು ರಿಪೇರಿ ಮಾಡುತ್ತಲೇ ಇರಬೇಕು. ಇಷ್ಟು ದುಡ್ಡು ಸುರಿಯಲು ಸಾಲ ಕೊಡುವವರು ಸಿಗಬೇಕಾದರೆ, ಮುಂದಿನ ಅನೇಕ ವರ್ಷಗಳಿಗೆ ಯೂನಿಟ್ಟಿಗೆ ಇಂತಿಷ್ಟು ಎಂಬ ಖಾತರಿ ದರವನ್ನು ಸರ್ಕಾರ ಕೊಡಬೇಕು. ಮಾರುಕಟ್ಟೆಯ ದರ ಅದಕ್ಕಿಂತ ಕೆಳಗಿಳಿದರೆ ವ್ಯತ್ಯಾಸವನ್ನು ತುಂಬಿಕೊಡಬೇಕು. ತುಂಬುವ ಹಣ ಬರುವುದು ನಮ್ಮ ನಿಮ್ಮ ಬಿಲ್ಲಿನಿಂದ. “ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬಂತೆ, ಗಾಳಿ ಬಿಟ್ಟಿಯೆಂದು ಹೊರಟವರು ಬಡವರ ಬಿಲ್ಲಿಗೆ ಕೈ ಚಾಚಿದ್ದಾರೆ” ಎಂದು ಆದ್ರೆ ಸಾರ್ ಬರೆದರು. ಮೊದಲ ಕಂಬ ದುಬಾರಿಯಾದರೂ ನೆಡುತ್ತ ನೆಡುತ್ತ ಅಗ್ಗವಾಗುತ್ತದೆ, ಕಲ್ಲಿದ್ದಲಿನ ಹೊಗೆ ಕುಡಿದವರ ಆಸ್ಪತ್ರೆಯ ಖರ್ಚು ಯಾವ ಬಿಲ್ಲಿನಲ್ಲಿದೆ ಎಂದು ಭಾವಮೈದುನ ಬರೆದ. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. ಬೇರೆ ಯಾರಾದರೂ ಬರೆದಿದ್ದರೆ ಆದ್ರೆ ಸಾರ್ ಅದರಲ್ಲಿ ಅರ್ಧವನ್ನಾದರೂ ಒಪ್ಪಿಕೊಳ್ಳುತ್ತಿದ್ದರು, ಅದು ಅವರಿಗೂ ಗೊತ್ತಿತ್ತು.

ಅವನು ಊಟಕ್ಕೆ ಬಂದ ಭಾನುವಾರ ಈ ಜಗಳ ಅದೇ ಹಳೆಯ ಮೇಜಿಗೇ ಬಂದು ಕೂತಿತು.

“ಭಾವ, ನಿಮ್ಮ ಲೇಖನ ಓದಿದೆ. ಚೆನ್ನಾಗಿ ಬರೆದಿದೀರಿ.”

“ಅದನ್ನ ಹೇಳೋಕೆ ಇಷ್ಟು ದೂರ ಬಂದೆಯಾ?”

“ಇಲ್ಲ, ಅಕ್ಕನ ಕೈ ಅಡುಗೆ ತಿನ್ನೋಕೆ ಬಂದೆ. ಹಾಗೇ ಹೇಳಿದೆ.”

“ತಿನ್ನು. ಅಡುಗೆಗೆ ಇನ್ನೂ ಖಾತರಿ ದರ ಬಂದಿಲ್ಲ.”

ಬಡಿಸುತ್ತಿದ್ದ ಹೆಂಡತಿ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ ಗಂಡನ ಮುಖ ನೋಡಿದಳು. “ರೀ, ನಿಮ್ಮ ಹೊಟ್ಟೇಲಿರೋ ಉರಿಗೆ ಒಂದು ತಂತಿ ಎಳೆದ್ರೆ ಅರ್ಧ ಊರಿಗೆ ಕರೆಂಟ್ ಕೊಡಬಹುದು. ಅದಕ್ಕೆ ಸಬ್ಸಿಡಿನೂ ಬೇಡ.” ಭಾವಮೈದುನ ತಲೆ ತಗ್ಗಿಸಿ ನಗು ನುಂಗಿಕೊಂಡ, ಅವನು ನುಂಗಿಕೊಂಡದ್ದನ್ನು ಆದ್ರೆ ಸಾರ್ ಕಂಡರು. ಅವನು ಏನನ್ನು ನುಂಗಿಕೊಂಡರೂ ಅವರಿಗೆ ಕಾಣುತ್ತಿತ್ತು. ಅವನ ಭಾಷಣಗಳನ್ನೆಲ್ಲ ಯಾರಿಗೂ ಗೊತ್ತಾಗದಂತೆ ಕಂಪ್ಯೂಟರಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದವರು ಅವರು. ಯಾವ ಉಪಮೆಗೆ ಮುಂಚೆ ಕೆಮ್ಮುತ್ತಾನೆ, ಯಾವ ಪ್ರಶ್ನೆಗೆ ಕನ್ನಡಕ ತೆಗೆಯುತ್ತಾನೆ ಎಂಬುದು ಅವನಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಖರ್ಚಿನ ಮಾತು ಬಂದಾಗ ಅವನು ಯಾವಾಗಲೂ ಒಂದೇ ಸರಣಿ ಹಿಡಿಯುತ್ತಿದ್ದ, ಕಂಬ, ಹಡಗು, ಬಡ್ಡಿ, ರಿಪೇರಿ. ಅದು ಅವರೇ ಕಲಿಸಿದ ಸರಣಿ.

ಕೊನೆಗೆ ಖಾತರಿ ದರ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ವಿದ್ಯುತ್ ದರ ಮಂಡಳಿ ಸಾರ್ವಜನಿಕ ವಿಚಾರಣೆ ಇಟ್ಟಿತು. ಬಳಕೆದಾರರ ಸಂಘದವರು ತಮ್ಮ ಪರವಾಗಿ ಮಾತಾಡಲು ಆದ್ರೆ ಸಾರ್ ಅವರನ್ನೇ ಕೇಳಿಕೊಂಡರು; ಕಂಪನಿಯ ಕಡೆಯಿಂದ ಬರುವವನು ಭಾವಮೈದುನನೆಂದು ಬೇರೆ ಹೇಳಬೇಕಾಗಿಲ್ಲ. ಎರಡೂ ಕಡೆಯವರು ತಮ್ಮ ವರದಿಗಳನ್ನು ಮೊದಲೇ ಸಲ್ಲಿಸಬೇಕಿತ್ತು. ಲೆಕ್ಕ ಮಾಡಿ ಮುಗಿಸಿದಾಗ ಬಂದ ಅಂಕಿಯನ್ನು ನೋಡಿ ಆದ್ರೆ ಸಾರ್ ಕುರ್ಚಿಗೆ ಒರಗಿಕೊಂಡರು. ಕಡಲ ಗಾಳಿಯ ಯೂನಿಟ್ಟು ಅವರು ಊಹಿಸಿದ್ದಕ್ಕಿಂತಲೂ ದುಬಾರಿಯಾಗಿ ಬಂದಿತ್ತು. ಮಾಮೂಲಿನಂತೆ ಆಗಿದ್ದರೆ, ಬಂದ ಅಂಕಿಯನ್ನು ಕಳ್ಳನನ್ನು ನೋಡುವಂತೆ ನೋಡಿ ಹಿಂದುಮುಂದು ತಡವುವುದು ಅವರ ಧರ್ಮ. ಈ ಅಂಕಿ ಮಾತ್ರ ಎಷ್ಟು ಹಿಡಿಸಿತೆಂದರೆ ಅದರ ಎದುರಿಗೆ ಆದ್ರೆ ಎನ್ನಲು ಅವರಿಗೆ ಮನಸ್ಸೇ ಬರಲಿಲ್ಲ. ಹಾಗೆಯೇ ಕಳಿಸಿಕೊಟ್ಟರು.

ವಿಚಾರಣೆಯ ದಿನ ಬೆಳಿಗ್ಗೆ ಹೆಂಡತಿ ಒಳ್ಳೆಯ ಸೀರೆ ಉಟ್ಟು ಹೊರಟು ನಿಂತಳು. ಅವರ ಯಾವ ಉಪನ್ಯಾಸಕ್ಕೂ ಬಂದವಳಲ್ಲ.

“ಯಾರ ಕಡೆ ಕೂತ್ಕೋತೀಯಾ?”

“ಕುರ್ಚಿ ಎಲ್ಲಿ ಖಾಲಿ ಇದೆಯೋ ಅಲ್ಲಿ.”

ದಾರಿಯುದ್ದಕ್ಕೂ ಆದ್ರೆ ಸಾರ್ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು. ಬಂದದ್ದು ತಮ್ಮನಿಗಾಗಿಯೇ ಆದರೂ ಬಂದಿದ್ದಾಳೆ. ಇಂದು ತಮ್ಮ ಸೋಲುವುದನ್ನೂ ಗಂಡ ಗೆಲ್ಲುವುದನ್ನೂ ಕಣ್ಣಾರೆ ಕಾಣುತ್ತಾಳೆ. ಕಂಡ ಮೇಲೆ ಆ ಮುಖ ಯಾವ ಕಡೆ ತಿರುಗುತ್ತದೋ ನೋಡೋಣ ಎಂದುಕೊಂಡರು. ಈ ವಯಸ್ಸಿಗೆ ಇದೆಂಥ ಮಕ್ಕಳಾಟ ಎಂದು ನೀವು ನಗಬಹುದು. ಮತ್ಸರಕ್ಕೆ ವಯಸ್ಸಾದದ್ದನ್ನು ಯಾರೂ ಕಂಡಿಲ್ಲ.

ಸಭಾಂಗಣದಲ್ಲಿ ಎತ್ತರದ ಮೇಜಿನ ಹಿಂದೆ ಮಂಡಳಿಯ ಅಧ್ಯಕ್ಷೆ, ನಿವೃತ್ತ ನ್ಯಾಯಾಧೀಶೆ, ಅವರ ಎಡಬಲಕ್ಕೆ ಇಬ್ಬರು ಸದಸ್ಯರು. ಎಡಗಡೆಯ ಸಾಲಿನಲ್ಲಿ ಬಳಕೆದಾರರ ಸಂಘ, ಬಲಗಡೆಯಲ್ಲಿ ಕಂಪನಿ. ಹೆಂಡತಿ ನಡುವಿನ ದಾರಿಗೆ ತಾಗಿದ ಕುರ್ಚಿ ಹಿಡಿದು ಕೂತಳು. ಮೊದಲು ಮಾತಾಡಿದವರು ಆದ್ರೆ ಸಾರ್. ಅಂಥ ಮಾತನ್ನು ಅವರು ಜನ್ಮದಲ್ಲಿ ಆಡಿರಲಿಲ್ಲ. ಬಲಭುಜ ಮುಂದೆ ಮಾಡಿ, ಕೋಟಿನ ಅಂಚಿನಿಂದ ಪೆನ್ನನ್ನು ಹತ್ತಿಸುತ್ತ ಹತ್ತಿಸುತ್ತ ತಮ್ಮ ಅಂಕಿಯವರೆಗೆ ಬಂದು, ಅದನ್ನು ಉಚ್ಚರಿಸಿದರು. ಸಭೆಯಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷೆ ಅಂಕಿಯನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಆದ್ರೆ ಸಾರ್ ಓರೆಗಣ್ಣಿನಲ್ಲಿ ಹೆಂಡತಿಯ ಕಡೆ ನೋಡಿದರು. ಆಕೆ ಅವರನ್ನೇ ನೋಡುತ್ತಿದ್ದಳು, ಆ ನೋಟದ ಅರ್ಥ ಮಾತ್ರ ತಿಳಿಯಲಿಲ್ಲ.

ಆಮೇಲೆ ಭಾವಮೈದುನ ಎದ್ದ. ಕೈಯಲ್ಲಿದ್ದ ಹಾಳೆಗಳಲ್ಲಿ ಒಂದನ್ನು ಹೊರತೆಗೆದು, ಒಂದು ಕ್ಷಣ ಅದನ್ನು ನೋಡಿ, ಮಡಿಸಿ ಜೇಬಿಗಿಟ್ಟುಕೊಂಡು ಮಾತು ಶುರುಮಾಡಿದ. ಕಂಬದ ಖರ್ಚು ಹೇಳಿದ. ಹಡಗಿನ ಖರ್ಚು ಹೇಳಿದ. ಹಡಗಿನಿಂದ ನೇರವಾಗಿ ರಿಪೇರಿಗೆ ಹೋದ.

ಸಭೆಯಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರೇ ಒಬ್ಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಬಡ್ಡಿ ಎಲ್ಲಿ ಹೋಯಿತು? ಬಡ್ಡಿಯನ್ನು ಬಿಟ್ಟು ಅವನು ಎಂದೂ ಮಾತಾಡಿದವನಲ್ಲ. ಆದ್ರೆ ಸಾರ್ ಅವರ ಮೈಯೆಲ್ಲ ಸಂತೋಷದಿಂದ ಬಿಸಿಯಾಯಿತು. ಸಿಕ್ಕಿಬಿದ್ದ, ಬಡ್ಡಿಯಲ್ಲಿ ಏನೋ ಮುಚ್ಚಿಡುತ್ತಿದ್ದಾನೆ, ಕಳ್ಳನ ಜಾಡು ಸಿಕ್ಕಿತು. ಊಟದ ಬಿಡುವು ಎಂದು ಸಾರಿದೊಡನೆ ಎಲ್ಲರೂ ಹೊರಗೆ ಹೋದರೂ ಅವರು ಹೋಗಲಿಲ್ಲ. ಖಾಲಿ ಸಭಾಂಗಣದಲ್ಲಿ ಕಂಪನಿಯ ವರದಿಯನ್ನು ಬಿಡಿಸಿ ಬಡ್ಡಿಯ ಪುಟಕ್ಕೆ ಹೋಗಿ ಮೊಸರಿನಲ್ಲಿ ಕಲ್ಲು ಹುಡುಕತೊಡಗಿದರು. ಕಲ್ಲು ಸಿಗಲಿಲ್ಲ. ಮುಂದಿನ ಆದಾಯ ಇಂದಿನ ಬೆಲೆಯಲ್ಲಿತ್ತು, ಬಡ್ಡಿಯಿಂದ ಬೆಲೆ ಏರಿಕೆಯನ್ನು ಕಳೆದಿತ್ತು; ಪಾತ್ರೆಗೆ ಹಾಕಿದವನು ಲೋಟಕ್ಕೆ ಹಾಕಿರಲಿಲ್ಲ. ಹಾಗಿದ್ದರೆ ಬಿಟ್ಟದ್ದೇಕೆ? ಹೋಲಿಸಿ ನೋಡೋಣವೆಂದು ತಮ್ಮ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಪುಟ ತೆಗೆದರು. ಆದಾಯ ಇಂದಿನ ಬೆಲೆಯಲ್ಲಿತ್ತು. ಬಡ್ಡಿ, ಬ್ಯಾಂಕು ಹೇಳಿದ ಬಡ್ಡಿ, ಹಾಗೆಯೇ, ಇಡಿಯಾಗಿ ಕೂತಿತ್ತು.

ಅವರು ಆ ಪುಟವನ್ನು ಮೂರು ಸಲ ಓದಿರಬೇಕು. ಕಲ್ಲು ಅವರ ಮೊಸರಿನಲ್ಲಿಯೇ ಇತ್ತು. ಯಾವ ತಪ್ಪು ಮಾಡಬೇಡವೆಂದು ಊಟದ ಮೇಜಿನ ಮೇಲೆ ಹುಡುಗನಿಗೆ ಬಡಿದು ಬಡಿದು ಹೇಳಿದ್ದರೋ ಅದೇ ತಪ್ಪು. ಸಲ್ಲಿಸಿದ ವರದಿ ಎದುರು ಪಕ್ಷಕ್ಕೆ ಹೋಗಿ ಎಷ್ಟೋ ದಿನಗಳಾಗಿದ್ದವು. ಅವನು ಓದಿದ್ದ, ಕಂಡುಹಿಡಿದಿದ್ದ, ಹಾಳೆಯಲ್ಲಿ ಬರೆದುಕೊಂಡೂ ತಂದಿದ್ದ. ತಂದದ್ದನ್ನು ಮಡಿಸಿ ಜೇಬಿಗಿಟ್ಟುಕೊಂಡಿದ್ದ. ಆ ಮಾತು ಆಡಿದ್ದರೆ ಆದ್ರೆ ಸಾರ್ ಅವರ ಹೆಸರು ಅಲ್ಲಿಯೇ ಮಣ್ಣುಪಾಲಾಗುತ್ತಿತ್ತು, ಅವನಿಗೆ ಖಾತರಿ ದರ ಸಿಗುತ್ತಿತ್ತು.

ಕೈತೊಳೆಯುವ ನಲ್ಲಿಯ ಹತ್ತಿರ ಅವನು ಒಬ್ಬನೇ ಸಿಕ್ಕ.

“ಬಡ್ಡಿ ಯಾಕೆ ಬಿಟ್ಟೆ?”

“ಹೊತ್ತಾಗಿತ್ತು ಭಾವ.”

“ಸುಳ್ಳು ಹೇಳಬೇಡ. ಸಕ್ಕರೆ ಎರಡು ಸಲ ಬಿದ್ದಿದೆ. ನಿಂಗದು ಗೊತ್ತು.”

ಅವನು ನಲ್ಲಿ ನಿಲ್ಲಿಸಿ, ಕರವಸ್ತ್ರ ತೆಗೆದು, ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೈ ಒರೆಸಿಕೊಂಡ. “ಹೋಗ್ಲಿ ಬಿಡಿ ಭಾವ. ಅಕ್ಕ ಬಂದು ಕೂತಿದ್ಲು. ಅವಳ ಎದುರಿಗೆ ನಿಮ್ಮನ್ನ...” ಎಂದು ಕರವಸ್ತ್ರ ಮಡಿಸತೊಡಗಿದ.

ಅವನು ಸೊಕ್ಕಿನಿಂದ ಅಂದಿದ್ದರೆ ಆದ್ರೆ ಸಾರ್ ಅವರಿಗೆ ಎಷ್ಟೋ ಹಿತವಾಗುತ್ತಿತ್ತು. ಮುಖದಲ್ಲಿ ಸೊಕ್ಕಿರಲಿಲ್ಲ, ನಾಚಿಕೆಯಿತ್ತು. ಅದೂ ಅವರ ಪರವಾಗಿ ಅವನು ಪಡುತ್ತಿದ್ದ ನಾಚಿಕೆ. ಇಷ್ಟು ವರ್ಷ ಅವನ ಸಂಬಳವನ್ನು, ಹೆಸರನ್ನು, ಹೆಲ್ಮೆಟ್ಟನ್ನು, ಅಕ್ಕನ ಪ್ರೀತಿಯನ್ನು ಕಂಡು ಕರುಬಿದವರಿಗೆ ಈಗ ಕರುಬಲು ಇನ್ನೊಂದು ಸಿಕ್ಕಿತು, ಅವನ ದೊಡ್ಡತನ. ಉಳಿದವನ್ನೆಲ್ಲ ಸಹಿಸಬಹುದಿತ್ತು. ನಾಳೆಯಿಂದ ಪ್ರತಿ ಭಾನುವಾರ ಆ ಮೇಜಿನ ಮುಂದೆ ಅವನ ಹಂಗಿನ ಅನ್ನ ಉಣ್ಣುವುದೇ? ಅವನು ತುಟಿಪಿಟಿಕ್ಕೆನ್ನದೆ ಸೊಪ್ಪಿನ ಪಲ್ಯ ಹಾಕಿಸಿಕೊಳ್ಳುತ್ತಿರುವಾಗ, ಇವನು ಬಾಯಿಬಿಟ್ಟರೆ ನಾನಿಲ್ಲ ಎಂದುಕೊಳ್ಳುತ್ತ ತುತ್ತು ನುಂಗುವುದೇ?

ಮಧ್ಯಾಹ್ನ ಸಭೆ ಸೇರಿದೊಡನೆ ಯಾರೂ ಕರೆಯದೆ ಆದ್ರೆ ಸಾರ್ ಎದ್ದು ನಿಂತರು. ಪೆನ್ನು ಕೋಟಿನ ಅಂಚಿನಲ್ಲಿತ್ತು. ಅದನ್ನು ಹತ್ತಿಸುವ ಗೋಜಿಗೆ ಹೋಗಲಿಲ್ಲ.

“ಬೆಳಿಗ್ಗೆ ನಾನು ಹೇಳಿದ ಅಂಕಿ ತಪ್ಪು” ಎಂದರು. “ಬೆಲೆ ಏರಿಕೆಯನ್ನ ಎರಡು ಸಲ ಕಳೆದಿದೀನಿ. ಮೊದಲ ವರ್ಷದ ವಿದ್ಯಾರ್ಥಿ ಮಾಡೋ ತಪ್ಪು. ತಪ್ಪು ನಂದೇ, ಇನ್ನೊಬ್ಬರ ಕೈವಾಡ ಇಲ್ಲ.” ಗುಜುಗುಜು ಏಳುವ ಮೊದಲೇ ಬಲಗಡೆಯ ಸಾಲಿಗೆ ತಿರುಗಿದರು. “ಎದುರು ಪಕ್ಷದೋರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಅದು ಅವರ ತಪ್ಪು. ಲೆಕ್ಕದಲ್ಲಿ ದಾಕ್ಷಿಣ್ಯ ಇರಬಾರದು. ನಾನು ಕಲಿಸಿದ್ದು ಹಾಗಲ್ಲ.”

ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿದರು. “ಅಂದ್ರೆ ನಿಮ್ಮ ವಿರೋಧ ವಾಪಸ್ ತಗೋತೀರಾ?”

“ಇಲ್ಲ. ದುಬಾರಿ ಅಂದಿದ್ದೆ, ದುಬಾರಿನೇ. ಆದ್ರೆ...” ಎಂದು ನಿಂತರು. ಹಿಂದಿನ ಸಾಲಿನಲ್ಲಿದ್ದ ಕಚೇರಿಯವರು ಕಿಸಕ್ಕೆಂದರು. “ಆದ್ರೆ ನಾನು ಹೇಳಿದಷ್ಟಲ್ಲ. ಖಾತರಿ ದರ ಕೊಡೋದಾದ್ರೆ ಕೊಡಿ. ಮಾರುಕಟ್ಟೆ ದರ ಮೇಲೆ ಹೋದಾಗ ಹೆಚ್ಚಿನ ಲಾಭ ಜನರ ಬಿಲ್ಲಿಗೆ ವಾಪಸ್ ಬರಲಿ. ಕೊಡುವಾಗ ಒಂದು ನ್ಯಾಯ, ತಗೊಳ್ಳುವಾಗ ಒಂದು ನ್ಯಾಯ ಬೇಡ.”

ಮಂಡಳಿ ಕೊನೆಗೆ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಪತ್ರಿಕೆಯವರು ಭಾವಮೈದುನನ ಹೆಲ್ಮೆಟ್ಟಿನ ಚಿತ್ರ ಹಾಕಿ ಕಡಲ ಗಾಳಿಗೆ ಜಯ ಎಂದು ಬರೆದರು. ಹಿರಿಯ ಅರ್ಥಶಾಸ್ತ್ರಜ್ಞರೊಬ್ಬರ ಲೆಕ್ಕ ತಪ್ಪಿದ ಸಂಗತಿ ಒಳಪುಟದಲ್ಲಿ ಎರಡು ಸಾಲು ಬಂತು. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎಂದು ಕಚೇರಿಯಲ್ಲಿ ಹಲವು ದಿನ ಆಡಿಕೊಂಡರು.

ಅದಿರಲಿ, ಅಂದು ಸಂಜೆಯ ಮಾತು ಹೇಳಬೇಕು. ವಿಚಾರಣೆ ಮುಗಿಸಿ ಗಂಡಹೆಂಡತಿ ನಡೆದುಕೊಂಡೇ ಮನೆಗೆ ಹೊರಟರು. ಬೀದಿಯ ಅಂಗಡಿಗಳಲ್ಲಿ ದೀಪಗಳು ಹತ್ತುತ್ತಿದ್ದವು. ಆಕೆಯೇ ಮಾತು ತೆಗೆದಳು.

“ಅವನು ಬಾಯಿ ಮುಚ್ಚಿಕೊಂಡಿದ್ದು ನನಗೋಸ್ಕರ ಅಂತೆ, ಹೊರಡೋವಾಗ ಹೇಳಿದ. ನೀವು ಬಾಯಿ ಬಿಟ್ಟಿದ್ದು ಯಾರಿಗೋಸ್ಕರ?”

ಸತ್ಯಕ್ಕೋಸ್ಕರ ಎನ್ನಬಹುದಿತ್ತು, ಅಂಥ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. “ಅವನ ಹಂಗು ಬೇಡ ಅಂತ” ಎಂದುಬಿಟ್ಟರು. “ಅವನು ನನಗಿಂತ ದೊಡ್ಡೋನಾಗೋದನ್ನ ನೋಡೋಕೆ ನನ್ನ ಕೈಲಾಗಲ್ಲ.”

ಆಕೆ ನಡೆಯುವುದನ್ನು ನಿಲ್ಲಿಸಿ ಅವರನ್ನು ನೋಡಿದಳು. ಆಮೇಲೆ ಮತ್ತೆ ನಡೆದಳು. ಮನೆಗೆ ಬಂದ ಮೇಲೆ, ಅವರು ಬಟ್ಟೆ ಬದಲಿಸಿ ಹೊರಗೆ ಬರುವಷ್ಟರಲ್ಲಿ, ಗೂಟದ ಮೇಲಿದ್ದ ಕೋಟು ಇರಲಿಲ್ಲ. ಒಳಗಿನ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಆಕೆ ತಮ್ಮನಿಗೆ ಫೋನು ಮಾಡಿ ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಮಾತಿನ ನಡುನಡುವೆ ದಾರವನ್ನು ಹಲ್ಲಿನಿಂದ ಕತ್ತರಿಸುವ ಸದ್ದು ಕೇಳುತ್ತಿತ್ತು.

“ನೀನು ಬಿಟ್ಟೆ ಕಣೋ, ಅವರು ಬಿಡಲಿಲ್ಲ. ಅಷ್ಟು ಜನರ ಮುಂದೆ ಎದ್ದು ನಿಂತು ತಪ್ಪು ನಂದು ಅಂದ್ರಲ್ಲ, ನನ್ನ ಕಣ್ಣು ತುಂಬಿಬಿಡ್ತು. ಇಷ್ಟು ವರ್ಷ ಆಯ್ತು, ಇವತ್ತು ನೋಡಿದ ಹಾಗೆ ನಾನು ಅವರನ್ನ ನೋಡಿರಲಿಲ್ಲ.”

ಆದ್ರೆ ಸಾರ್ ಬಾಗಿಲಾಚೆ ನಿಂತರು, ಭುಜ ಮುಂದೆ ಮಾಡಿ. ಕೇಳುತ್ತಿದ್ದ ದನಿಯಿಂದ ಮುಖ ಹೇಗಾಗಿರಬಹುದೆಂದು ಊಹಿಸಬಲ್ಲವರಾಗಿದ್ದರು. ಕೈ ನಿಂತಿರಬೇಕು, ತುಟಿಯಂಚು ಸಡಿಲವಾಗಿರಬೇಕು. ಬಾಗಿಲು ತಳ್ಳಿದರೆ ಅದು ಮಾಯವಾಗುತ್ತದೆಂದು ತಳ್ಳಲಿಲ್ಲ. ಬಾಳೆಲ್ಲ ಬೇಕೆಂದು ಹಂಬಲಿಸಿದ್ದು ಕೊನೆಗೂ ದೊರೆತಿತ್ತು, ಮತ್ತು ಅದನ್ನು ಆಕೆ ಹೇಳುತ್ತಿದ್ದದ್ದು ತಮ್ಮನಿಗೆ. ಆ ಸುಖದ ನಡುವೆಯೂ ಅವರ ಎಡಹುಬ್ಬು ಮೆಲ್ಲಗೆ ಮೇಲೇರಿತೆಂದು, ಇದನ್ನೂ ಮೊದಲು ಕೇಳಿದವನು ಅವನೇ ಆದನಲ್ಲ ಎನಿಸಿತೆಂದು, ಬಹಳ ದಿನಗಳ ಮೇಲೆ ಅವರೇ ಹೇಳಿ ನಕ್ಕರು. ಆ ಹೊತ್ತಿಗೆ ಪೆನ್ನು ಜೇಬಿನಲ್ಲಿ ನಿಲ್ಲುತ್ತಿತ್ತು. ಮಾತಾಡುವಾಗ ಕೈಗೆ ಕೆಲಸವಿಲ್ಲದೆ ಅವರು ಸುಮ್ಮನೆ ಕೋಟಿನ ಅಂಚು ಹಿಂಡುತ್ತಿದ್ದರು.

ಮತ್ಸರವನ್ನು ಆರು ವೈರಿಗಳ ಸಾಲಿನಲ್ಲಿ ಕಟ್ಟಕಡೆಗೆ ಕೂಡಿಸಿದ ಹಿರಿಯರ ಮೇಲೆ ತಕರಾರಿಲ್ಲ. ಅದು ಮನುಷ್ಯನನ್ನು ಸಣ್ಣಗೆ ಸುಡುತ್ತದೆ, ಅಂಥವರ ಜತೆ ಬಾಳುವವರಿಗೂ ಅದರ ಹೊಗೆ ತಟ್ಟುತ್ತದೆ. ಆದ್ರೆ ಸಾರ್ ಅವರಂಥವರು ಪ್ರತಿ ಕಚೇರಿಯಲ್ಲಿ, ಪ್ರತಿ ಬಂಧುಬಳಗದಲ್ಲಿ ಒಬ್ಬೊಬ್ಬರಿರುತ್ತಾರೆ. ಅವರು ಬಂದರೆಂದರೆ ನಾವು ಒಳ್ಳೆಯ ಸುದ್ದಿಯನ್ನು ಬಚ್ಚಿಟ್ಟುಕೊಳ್ಳುತ್ತೇವೆ. ಬಚ್ಚಿಟ್ಟುಕೊಳ್ಳುವ ಮುನ್ನ ಒಂದನ್ನು ಯೋಚಿಸಬೇಕು. ನಮ್ಮನ್ನು ಮೆಚ್ಚುವವರು ನಾವು ಆಡಿದ ಮಾತಿಗೆ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದುಹೋಗುತ್ತಾರೆ. ನಾವು ಆಡದೆ ನುಂಗಿಕೊಂಡದ್ದು ಯಾವುದು, ಯಾರಿಗಾಗಿ ನುಂಗಿಕೊಂಡೆವು ಎಂಬುದು ತಿಳಿಯಬೇಕಾದರೆ, ನಮ್ಮನ್ನು ಕಂಡರಾಗದ ಒಬ್ಬರು ಹಳೆಯ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತಿರಬೇಕಾಗುತ್ತದೆ.